ಕುರಿಹೆಜ್ಜೆ ದಡಿ

ಮಾದೇವಿಗೆ ಆ ಫೋನಿನ ಕೂಗು ಕೇಳಿದರೆ ಸಾಕು, ಅಂಗಾಲಿನಿಂದ ನೆತ್ತಿಯವರೆಗೆ ಉರಿ ಹತ್ತುತ್ತಿತ್ತು. ಸೊಸೆ ಪ್ರತಿಮಾಳ ಫೋನಿಗೆ ಎರಡು ದನಿ. ಒಂದು, ಮನುಷ್ಯರು ಮಾತಾಡಲು ಕರೆದಾಗ ಬರುವ ಹಾಡು. ಅದರ ಮೇಲೆ ಮಾದೇವಿಯ ತಕರಾರು ಇರಲಿಲ್ಲ. ಇನ್ನೊಂದು, ಮೂರು ಸಲ ಕುಯ್ಯೆಂದು ಕೂಗಿ, ಒಂದು ಗಳಿಗೆ ಸುಮ್ಮನಿದ್ದು, ಮತ್ತೆ ಮೂರು ಸಲ ಕೂಗುವಂಥದ್ದು. ಅದು ಕೂಗಿತೆಂದರೆ ಪ್ರತಿಮಾ ಹಂಚಿನ ಮೇಲಿನ ರೊಟ್ಟಿಯನ್ನು ಅಲ್ಲಿಗೇ ಬಿಟ್ಟು ಲ್ಯಾಪ್‌ಟಾಪಿನ ಮುಂದೆ ಹೋಗಿ ಕೂತಳೆಂದೇ ಅರ್ಥ. ಜಮಖಂಡಿಯ ಆ ಮನೆಯಲ್ಲಿ ಶ್ರಾವಣದಿಂದ ಈಚೆಗೆ ಸೀದ ರೊಟ್ಟಿಗಳೆಲ್ಲ ಮಾದೇವಿಗೆ ಒಂದೊಂದಾಗಿ ನೆನಪಿದ್ದವು.

ಪ್ರತಿಮಾ ರಬಕವಿಯ ಮಗಳು, ಮಗ್ಗದ ಸದ್ದಿನಲ್ಲೇ ಬೆಳೆದವಳು. ಊರಿನ ಒಂದು ಕಾಲೇಜಿನ ಆಫೀಸಿನಲ್ಲಿ ಅವಳಿಗೆ ಪಗಾರದ ಕೆಲಸವಿತ್ತು. ಮನೆಯವರ ತಕರಾರು ಆ ಕೆಲಸದ ಮೇಲಲ್ಲ, ಇನ್ನೊಂದರ ಮೇಲೆ. ಸೀರೆಯ ಅಂಚಿನ ದಡಿ, ಸೆರಗುಗಳ ನಕ್ಷೆ ಬಿಡಿಸಲೆಂದು ಮುಧೋಳದ ಶಶಿಕಾಂತ ಮಾಸ್ತರರು ಗೆಳೆಯರನ್ನು ಕೂಡಿಸಿಕೊಂಡು ‘ಎಳೆ’ ಅಂತ ಒಂದು ಸಾಫ್ಟ್‌ವೇರ್ ಮಾಡಿದ್ದರು. ಅದನ್ನು ಯಾರೂ ಮಾರುವುದಿಲ್ಲ. ಬೇಕಾದವರು ಇಳಿಸಿಕೊಳ್ಳಬಹುದು, ಬಿಚ್ಚಿ ನೋಡಬಹುದು, ತಿದ್ದಿ ಇನ್ನೊಬ್ಬರಿಗೆ ಕೊಡಬಹುದು. ರಬಕವಿ, ಬನಹಟ್ಟಿಯ ನೇಕಾರರು ತಾವು ಬಿಡಿಸಿದ ನಕ್ಷೆಗಳನ್ನು ಅದರ ಸರ್ವರಿನಲ್ಲಿ ಇಡುತ್ತಿದ್ದರು. ಒಬ್ಬ ಇಟ್ಟದ್ದನ್ನು ಇನ್ನೊಬ್ಬ ತೆಗೆದುಕೊಂಡು ನೇಯುತ್ತಿದ್ದ. ಆ ಸರ್ವರ್ ನಿಲ್ಲದಂತೆ, ಕಳ್ಳರು ನುಗ್ಗದಂತೆ, ನಕ್ಷೆಗಳು ಕೆಡದಂತೆ ಕಾಯುವ ಹೊಣೆ ಮೂರು ವರ್ಷದಿಂದ ಪ್ರತಿಮಾಳದು. ಅದು ನಿಂತರೆ ಅವಳ ಫೋನು ಕೂಗುತ್ತಿತ್ತು. ಈ ಕೆಲಸಕ್ಕೆ ಅವಳಿಗೆ ಬರುತ್ತಿದ್ದುದು ಏನೂ ಇಲ್ಲ.

ಆ ‘ಏನೂ ಇಲ್ಲ’ ಮಾದೇವಿಗೆ ನುಂಗಲಾರದ ತುತ್ತಾಗಿತ್ತು. ಅವಳ ಗಂಡ ಧರೆಪ್ಪ ನೀರಾವರಿ ಇಲಾಖೆಯಲ್ಲಿ ವಾಚ್‌ಮನ್ ಆಗಿದ್ದು ರಿಟೈರ್ ಆದವನು. ಊರ ಉಸಾಬರಿ ಮಾಡಿ ಮುಲ್ಲಾ ಸೊರಗಿದ ಎಂಬ ಗಾದೆಯನ್ನು ಎರಡು ದಿನಕ್ಕೊಮ್ಮೆ ಗೋಡೆಗೆ ಹೇಳಿದಂತೆ ಹೇಳುತ್ತಿದ್ದ. ಮಗ ಶಿವಾಜಿ ಲೈನ್‌ಮನ್. ಹೆಂಡತಿಗೂ ತಾಯಿಗೂ ನಡುವೆ ಮಾತು ಏರಿದರೆ ಅವನು ತಲೆಯನ್ನು ತಾಟಿನೊಳಗೇ ಇಟ್ಟುಬಿಡುತ್ತಿದ್ದ.

ಒಂದು ಮಧ್ಯಾಹ್ನ ಪುಂಡಿಪಲ್ಲೆ ಬಡಿಸುತ್ತಿದ್ದಾಗ ಫೋನು ಕೂಗಿ, ಪ್ರತಿಮಾ ಎದ್ದು ಹೋಗಿ, ಅರ್ಧ ತಾಸಿನ ಮೇಲೆ ಬಂದು ಆರಿದ ಅನ್ನದ ಮುಂದೆ ಕೂತಳು. ಮಾದೇವಿ ಕೇಳಿಯೇಬಿಟ್ಟಳು.

"ಉಣ್ಣೂದು ಬಿಟ್ಟು ಏಳೂವಂಥಾದ್ದು ಏನಿತ್ತವಾ?"

"ಸರ್ವರ್ ನಿಂತಿತ್ರಿ ಅತ್ತಿ. ನಿಮ್ಮ ಮಗಾನೂ ಕರೆಂಟ್ ಹೋದರ ತಾಟು ಬಿಟ್ಟು ಏಳತಾರಲ್ರಿ?"

"ಅವಗ ಪಗಾರ ಐತಿ."

"ಕಂಬಾ ಏರೂ ಮುಂದ ಪಗಾರ ನೆನಸಕೋತ ಏರತಾರೇನ್ರಿ?"

ಶಿವಾಜಿಯ ತಲೆ ಇನ್ನೂ ನಾಲ್ಕು ಬೆರಳು ಕೆಳಗೆ ಇಳಿಯಿತು. ಆ ಮಾತು ಮಾದೇವಿಯನ್ನು ಬಹಳ ದಿನ ಚುಚ್ಚಿತು.

ಅವಳ ಪ್ರಕಾರ ಕೆಲಸ ಅಂದರೆ ಕಣ್ಣಿಗೆ ಕಾಣಬೇಕು. ಗಲಗಲಿಯ ತವರಿನಲ್ಲಿ ಅಪ್ಪನ ಕುರಿಹಿಂಡು ಸಂಜೆ ಹೊಳೆದಂಡೆಯಿಂದ ಬಂದು ದೊಡ್ಡಿಗೆ ಹೋಗುವಾಗ, ಬಾಗಿಲಲ್ಲಿ ನಿಂತು ಎಣಿಸುವುದು ಅವಳ ಪಾಲಿಗೆ ಬಂದ ಕೆಲಸವಾಗಿತ್ತು. ನಡುವೆ ಯಾರಾದರೂ ಮಾತಾಡಿಸಿ ಎಣಿಕೆ ತಪ್ಪಿದರೆ ಅಪ್ಪ ಬೈಯುತ್ತಿರಲಿಲ್ಲ. ಒಳಗೆ ಹೋದ ಕುರಿಗಳನ್ನೆಲ್ಲ ಹೊರಗೆ ಹೊಡೆಸಿ, ಮೊದಲಿನಿಂದ ಹಿಡಿ ಎನ್ನುತ್ತಿದ್ದ. ಅಂದಾಜಿನ ಮೇಲೆ ಮುಂದೆ ಹೋದರೆ ಮಾತ್ರ ಕೋಲು ಎತ್ತುತ್ತಿದ್ದ. ಅಂಥ ಮನೆಯಿಂದ ಬಂದವಳಿಗೆ, ಕಾಣದ ಊರಿನಲ್ಲಿರುವ ಕಾಣದ ಯಂತ್ರವನ್ನು ಕೂತಲ್ಲೇ ಕಾಯುತ್ತೇನೆಂಬ ಸೊಸೆಯ ಮಾತು ಪೊಳ್ಳೆನಿಸಿದರೆ ತಪ್ಪೇನು?

ಇಷ್ಟರಲ್ಲೇ ಇದ್ದಿದ್ದರೆ ಬೈದಾಡಿಕೊಂಡು ದಿನ ಹೋಗುತ್ತಿದ್ದವು. ಆದರೆ ಮಹಾನವಮಿ ಅಮಾವಾಸ್ಯೆಗೆ ಹಿರಿಯರ ಎಡೆ ಹಾಕಲು ಗಲಗಲಿಯಿಂದ ಮಾದೇವಿಯ ಅಣ್ಣ ಭೀಮಶಿ ಬಂದಿದ್ದ. ಪ್ರತಿಮಾ ಎಡೆಯ ಬಾಳೆಲೆಗೆ ಒಂದು ಕಡುಬು ಇಟ್ಟಿದ್ದಳು, ಎರಡನೆಯದು ಕೈಯಲ್ಲಿತ್ತು. ಫೋನು ಕೂಗಿತು. ಅವಳು ಕಡುಬನ್ನು ಬುಟ್ಟಿಗೆ ಹಾಕಿ, ಈಗ ಬಂದೆ ಎಂದು ಎದ್ದು ಹೋದಳು. ಹಿರಿಯರು ಅರ್ಧ ಎಡೆಯ ಮುಂದೆ ಕಾಯುತ್ತ ಕೂತರು. ಭೀಮಶಿ ಮೀಸೆಯ ಅಡಿಯಲ್ಲಿ ನಕ್ಕು, "ನಿನ್ನ ಸೊಸಿ ಬ್ಯಾರೆ ಯಾರದೋ ಮನೀಗೆ ದುಡ್ಯಾಕತ್ತಾಳಲ್ಲವಾ ತಂಗಿ," ಎಂದ. ತವರಿನವರ ಎದುರು ಆ ನಗೆ ಮಾದೇವಿಯ ಮೈಯನ್ನು ಸುಟ್ಟಿತು. ಆ ಹೊತ್ತಿನಿಂದ ಅವಳು ಸೊಸೆಯ ಹತ್ತಿರ ಜಗಳವಾಡುವುದನ್ನೇ ಬಿಟ್ಟಳು. ಜಗಳ ಬಿಟ್ಟ ಹೆಂಗಸಿಗೆ ಮನೆಯವರು ಹೆದರಬೇಕಿತ್ತು. ಯಾರೂ ಹೆದರಲಿಲ್ಲ.

ಆ ವಾರವೇ ಪ್ರತಿಮಾ ಇನ್ನೊಂದು ಸುದ್ದಿ ತಂದಳು. ಇಷ್ಟು ದಿನ ಬೇರೆ ಊರಿನ ಒಂದು ಕಾಲೇಜು ಸರ್ವರಿಗೆ ಪುಕ್ಕಟೆ ಜಾಗ ಕೊಟ್ಟಿತ್ತು. ಈಗ ದಸರೆಯೊಳಗೆ ಖಾಲಿ ಮಾಡಿ ಎಂದಿತ್ತು. ಬೇರೆ ಕಡೆ ಜಾಗ ಸಿಕ್ಕಿದೆ. ನಕ್ಷೆಗಳನ್ನೆಲ್ಲ ಮೊದಲು ಮನೆಯಲ್ಲಿನ ಒಂದು ಡಬ್ಬಿಗೆ ಇಳಿಸಿಕೊಂಡು, ಅಲ್ಲಿಂದ ಹೊಸ ಜಾಗಕ್ಕೆ ಏರಿಸಬೇಕು. ಡಬ್ಬಿ ಅಂದರೆ ಊಟದ ಡಬ್ಬಿಯಷ್ಟೇ ದೊಡ್ಡದು, ಮುಂದೆ ಹಸಿರು ದೀಪ, ಒಳಗೆ ಗಿರಗಿರ ತಿರುಗುವ ಡಿಸ್ಕು. ಏರಿಸುವುದಕ್ಕೆ ಅವಳು ಖಂಡೇನವಮಿಯ ದಿನವನ್ನೇ ಆರಿಸಿದ್ದಳು. ಆ ದಿನ ಮಗ್ಗಗಳಿಗೆಲ್ಲ ಪೂಜೆ, ರಬಕವಿಯಿಂದ ಬನಹಟ್ಟಿಯವರೆಗೆ ಒಂದು ಲಾಳಿಯೂ ಓಡುವುದಿಲ್ಲ. ಹಾಗಾಗಿ ಯಾರಿಗೂ ತೊಂದರೆಯಿಲ್ಲ ಎಂದು ಅವಳ ಲೆಕ್ಕ. ನೇಕಾರರ ಊರಿನ ಮಗಳಿಗೆ ತಕ್ಕ ಲೆಕ್ಕವೇ. ಈ ಕುರುಬರ ಮನೆಯಲ್ಲೂ ಅವತ್ತೇ ಆಯುಧಗಳ ಖಂಡೇಪೂಜೆ ಇರುತ್ತದೆಂಬುದು ಮಾತ್ರ ಅವಳಿಗೆ ಹೊಳೆಯಲಿಲ್ಲ.

ಅವತ್ತು ಬೆಳಿಗ್ಗೆ ಅವಲಕ್ಕಿ ತಿನ್ನುವಾಗ ಅವಳು ಎಲ್ಲರಿಗೂ ಹೇಳಿದಳು, ಸಂಜೆಯ ತನಕ ಆ ಡಬ್ಬಿಯನ್ನು ಯಾರೂ ಮುಟ್ಟಬೇಡಿ, ವೈರು ಕೀಳಬೇಡಿ, ಅಲುಗಿಸಲೂ ಬೇಡಿ ಎಂದು. ಮಾದೇವಿಯ ಮುಖ ನೋಡಿಯೇ ಹೇಳಿದಳು. ಮಾದೇವಿ ಹೂಂ ಅಂದಳು. ಆಫೀಸಿನ ಪೂಜೆಗೆ ಹೋಗಿ ಹನ್ನೆರಡಕ್ಕೆ ಬರುತ್ತೇನೆಂದು ಪ್ರತಿಮಾ ಹೊರಟಳು.

ಮಾದೇವಿ ಜಗಲಿಯ ಮುಂದೆ ಕಂಬಳಿಯ ಗದ್ದಿಗೆ ಹಾಸಿ ಒಂದೊಂದೇ ತಂದಿಟ್ಟಳು: ಕುರಿ ಉಣ್ಣೆ ಕತ್ತರಿಸುವ ಹಳೆಯ ಕತ್ತರಿ, ಕುಡಗೋಲು, ಶಿವಾಜಿಯ ಪಕ್ಕಡ ಮತ್ತು ಸೊಂಟದ ಪಟ್ಟಿ, ಈಳಿಗೆ. ಜಳಕ ಮಾಡಿ ಬಂದ ಧರೆಪ್ಪ ಭಂಡಾರದ ಬಟ್ಟಲು ಹಿಡಿದು ನಿಂತು, ಸುತ್ತ ಕಣ್ಣು ಹಾಯಿಸಿ, "ಆ ಡಬ್ಬೀನೂ ಇಡು. ಅದೂ ದುಡಿಯೂ ಆಯುಧನ ಅಲ್ಲೇನು," ಎಂದ.

ಮುಟ್ಟಬೇಡಿ ಅಂದಿದ್ದಾಳೆ ಎಂದು ಮಾದೇವಿ ಹೇಳಬಹುದಿತ್ತು. ಮಾತು ನಾಲಗೆಯ ತನಕ ಬಂದಿತ್ತು ಕೂಡ. ಡಬ್ಬಿಯ ಹಸಿರು ದೀಪ ಮಿಣಮಿಣ ಎನ್ನುತ್ತಿತ್ತು. ಅವಳು ಹೋಗಿ ವೈರನ್ನು ಹಿಡಿದು ಎಳೆದಳು. ದೀಪ ಆರಿತು. ಆರಿದ್ದು ನೋಡಿ ಎದೆಯಲ್ಲಿ ಏನೋ ತಣ್ಣಗಾಯಿತು. ಇನ್ನೂ ಒಳಗೆ ಗಿರಗಿರ ಎನ್ನುತ್ತಿದ್ದ ಡಬ್ಬಿಯನ್ನು ಕವುಚಿ ಹಿಡಿದು ತಂದು ಗದ್ದಿಗೆಯ ಮೇಲೆ ಧಪ್ಪೆಂದು ಇಟ್ಟಳು. ಧರೆಪ್ಪ ಎಲ್ಲಕ್ಕೂ ಹಾಲುನೀರು ಚಿಮುಕಿಸಿ, ಭಂಡಾರ ಹಚ್ಚಿ, ಬೀರಪ್ಪನ ಹೆಸರು ಹೇಳಿ ಕೈಮುಗಿದ.

ಪ್ರತಿಮಾ ಬಂದವಳು ಚಪ್ಪಲಿ ಬಿಡದೆ ನಿಂತುಬಿಟ್ಟಳು. ಅರಿಶಿನ ಬಳಿದುಕೊಂಡ ಡಬ್ಬಿಯ ಮೇಲೆ ಒಂದು ಚೆಂಡುಹೂ ಇತ್ತು. ಅವಳು ಬಗ್ಗಿ ಅದನ್ನು ಎತ್ತಿಕೊಳ್ಳಲು ಹೋದಾಗ ಧರೆಪ್ಪ ಅಡ್ಡ ಬಂದ. ಪೂಜೆಗೆ ಕೂಡಿಸಿದ ಖಂಡೆಯನ್ನು ನಾಳೆ ಬನ್ನಿ ಮುಡಿಯುವ ಮೊದಲು ಎತ್ತಬಾರದು ಎಂಬುದು ಅವನಪ್ಪನ ಕಾಲದ ಕಟ್ಟಳೆ. ಅವಳು ಕೇಳಲಿಲ್ಲ. ಎತ್ತಿಕೊಂಡು ಹೋಗಿ ಸೆರಗಿನಿಂದ ಒರೆಸಿ ವೈರು ಚುಚ್ಚಿದಳು. ಡಬ್ಬಿಯಿಂದ ಕಟಕಟ ಎಂಬ ಸದ್ದು ಬಂತು, ಹಲ್ಲು ಕಡಿದಂತೆ. ಮತ್ತೆ ಚುಚ್ಚಿದಳು. ಮತ್ತೆ ಅದೇ ಸದ್ದು.

"ಇದನ್ನ ಯಾರು ಕಿತ್ತವರು?" ಎಂದಳು.

"ನಾನಽ ಇಡು ಅಂದೆ," ಎಂದ ಧರೆಪ್ಪ. "ದೇವರ ಕೆಲಸಕ್ಕ ನಿನ್ನ ಅಪ್ಪಣಿ ಬೇಕೇನು?"

ಅವಳು ಅತ್ತೆಯ ಕಡೆ ತಿರುಗಿದಳು. ಮಾದೇವಿ ಹೋಳಿಗೆಯ ಹೂರಣ ಕಲೆಸುತ್ತ ತಲೆ ಎತ್ತಲಿಲ್ಲ. ಅವತ್ತು ಆ ಮನೆಯಲ್ಲಿ ಹೋಳಿಗೆಯನ್ನು ಯಾರೂ ಸರಿಯಾಗಿ ಉಣ್ಣಲಿಲ್ಲ. ಧರೆಪ್ಪ ಖಂಡೆ ಕೆಡಿಸಿದಳೆಂದು ಉಣ್ಣಲಿಲ್ಲ. ಪ್ರತಿಮಾ ಅಳುವುದನ್ನು ತಡೆಯುತ್ತ ಉಣ್ಣಲಿಲ್ಲ. ಶಿವಾಜಿ ಅರ್ಧ ತಿಂದು, ಎಲ್ಲೋ ಕರೆಂಟ್ ಹೋಗಿದೆ ಎಂದು ಸುಳ್ಳು ಹೇಳಿ ಬೈಕ್ ಹತ್ತಿದ.

ಮೂರು ಪಾಲಿನಲ್ಲಿ ಎರಡು ಪಾಲು ನಕ್ಷೆಗಳು ಮೇಲೆ ಏರಿದ್ದವು. ಒಂದು ಪಾಲು ಡಬ್ಬಿಯೊಳಗೇ ಸತ್ತುಹೋಗಿದ್ದವು. ಜಾಗ ಕೊಟ್ಟಿದ್ದ ಕಾಲೇಜಿನ ಯಂತ್ರವನ್ನು ಹಿಂದಿನ ದಿನವೇ ಒರೆಸಿ ಖಾಲಿ ಮಾಡಿ ಕೊಟ್ಟಾಗಿತ್ತು.

ಮುಂದಿನ ರವಿವಾರ ಶಶಿಕಾಂತ ಮಾಸ್ತರರು ಮುಧೋಳದಿಂದ ಬಂದು, ಚಹಾ ಕುಡಿದು, ಡಬ್ಬಿಯನ್ನು ಬಿಚ್ಚಿ ನೋಡಿ ತಲೆಯಾಡಿಸಿದರು. ಮನೆಯವರ ಮೇಲೆ ಒಂದು ಮಾತೂ ಆಡಲಿಲ್ಲ. ಪ್ರತಿಮಾಳಿಗೆ ಮಾತ್ರ ಮೆಲ್ಲಗೆ ಕೇಳಿದರು, ಇನ್ನೊಂದು ಪ್ರತಿ ನನ್ನ ಕಡೆ ಇರಲಿ, ಕೀಲಿಪದ ನನಗೂ ತಿಳಿದಿರಲಿ ಎಂದು ಎರಡು ಸಲ ಹೇಳಿದ್ದೆನಲ್ಲ ಎಂದು. ಪ್ರತಿಮಾ ಬಿಚ್ಚಿದ್ದ ಡಬ್ಬಿಯ ಮುಚ್ಚಳ ಹಾಕುತ್ತ, ನನ್ನಷ್ಟು ಚೊಕ್ಕ ಯಾರು ನೋಡಿಕೊಳ್ಳುತ್ತಾರೆ ಅನ್ನೋ ಸೊಕ್ಕು ಸರ್ ಎಂದಳು. ಕಳೆದದ್ದು ಒಂದಿಷ್ಟು ಕೂಡಲಿ, ದೀಪಾವಳಿಗೆ ಎಲ್ಲ ನಿಮಗೆ ಒಪ್ಪಿಸುತ್ತೇನೆ, ಇನ್ನು ನನ್ನಿಂದ ಆಗದು ಎಂದೂ ಸೇರಿಸಿದಳು.

ಅಡುಗೆಮನೆಯಲ್ಲಿ ಕೂತು ಇದನ್ನು ಕೇಳಿದ ಮಾದೇವಿಗೆ ಒಂದು ಗಳಿಗೆ ಹಗುರವೆನಿಸಿತು; ತಪ್ಪು ಅವಳದೂ ಇತ್ತಲ್ಲ! ಆ ಹಗುರ ಸಾರು ಕುದಿಯುವ ತನಕವೂ ಉಳಿಯಲಿಲ್ಲ.

ಮನೆಗೆ ಬೇಕಾದದ್ದೆಲ್ಲ ಸಿಕ್ಕಿತು. ಪ್ರತಿಮಾ ಫೋನಿನ ಆ ಕೂಗನ್ನು ಬಂದ್ ಮಾಡಿದಳು. ರೊಟ್ಟಿ ಸೀಯಲಿಲ್ಲ. ಕಸ, ಮುಸುರೆ, ನೀರು ಎಲ್ಲ ಗಡಿಯಾರ ಇಟ್ಟಂತೆ ಆದವು. ಕೇಳಿದ್ದಕ್ಕೆ ಹೂಂ, ಇಲ್ಲ ಎನ್ನುತ್ತಿದ್ದಳೇ ಹೊರತು ಎದುರು ಮಾತಿಲ್ಲ. ಶಿವಾಜಿ ಈಗಾದರೂ ಮನೆ ಮನೆಯಾಯಿತೆಂದ. ಧರೆಪ್ಪ ಯಾರು ಬಂದರೂ, ಡಬ್ಬಿ ಇಡು ಅಂದವನು ನಾನೇ, ದೇವರ ಮುಂದೆ ಯಂತ್ರ ದೊಡ್ಡದೇನು ಎನ್ನುತ್ತಿದ್ದ. ಅವನು ಹಾಗೆ ಅಂದಾಗಲೆಲ್ಲ ಮಾದೇವಿ ಎದ್ದು ಹಿತ್ತಲಿಗೆ ಹೋಗುತ್ತಿದ್ದಳು. ಕುಂಬಳಕಾಯಿ ಕಳ್ಳ ಎಂದು ಯಾರೂ ಕೂಗಿರಲಿಲ್ಲ, ಆದರೂ ಅವಳ ಕೈ ಹೆಗಲಿನ ಮೇಲೆಯೇ. ಕೂತರೆ ನಿಲ್ಲಬೇಕೆನಿಸುವುದು, ನಿಂತರೆ ಎಲ್ಲಿಗಾದರೂ ಹೋಗಬೇಕೆನಿಸುವುದು. ಒಂದೇ ಜೋಳವನ್ನು ಎರಡು ಸಲ ಹಸನು ಮಾಡಿದಳು. ಬುದ್ಧಿ ಕೆಟ್ಟಿತೇನು ಎಂದು ತನ್ನನ್ನೇ ಬೈದುಕೊಂಡಳು.

ಅತ್ತ ಪ್ರತಿಮಾ ನೇಕಾರರಿಗೆಲ್ಲ ಮೆಸೇಜ್ ಕಳಿಸಿದ್ದಳು, ನಿಮ್ಮ ನಿಮ್ಮ ನಕ್ಷೆ ಫೋನಿನಲ್ಲೋ ಕಾಗದದಲ್ಲೋ ಉಳಿದಿದ್ದರೆ ಕಳಿಸಿ ಎಂದು. ದಿನಕ್ಕೆ ಐದಾರು ಬರುತ್ತಿದ್ದವು. ಬಂದದ್ದನ್ನು ಸೇರಿಸಿ, ಅದೇ ದಿನ ಒಂದು ಪ್ರತಿಯನ್ನು ಮುಧೋಳಕ್ಕೂ ಕಳಿಸುತ್ತಿದ್ದಳು. ಒಂದೂವರೆ ವಾರ ಕಳೆಯುವ ಹೊತ್ತಿಗೆ ಬಹಳಷ್ಟು ತುಂಬಿತು. ಯಾರ ಬಳಿಯೂ ಇಲ್ಲದವು ಕೆಲವೇ ಉಳಿದವು.

ದೀಪಾವಳಿಗೆ ಹತ್ತು ದಿನವಿರುವಾಗ ಬನಹಟ್ಟಿಯಿಂದ ತಾರವ್ವ ಬಸ್ಸು ಹಿಡಿದು ಬಂದಳು. ನಲವತ್ತರ ಹೆಂಗಸು, ಎರಡು ಮಗ್ಗ ನಡೆಸುವವಳು. ಅವಳ ಅಪ್ಪ ಸೋಮಲಿಂಗ ಹೆಸರುವಾಸಿ ನೇಕಾರ, ಹೋದ ವರ್ಷ ತೀರಿಕೊಂಡವನು. ಸಾಯುವ ಮೊದಲು ಮಗಳ ಫೋನು ಹಿಡಿದು ಕೂತು ತನ್ನ ಕುರಿಹೆಜ್ಜೆ ದಡಿಯ ನಕ್ಷೆಯನ್ನು ‘ಎಳೆ’ಗೆ ಹಾಕಿದ್ದ. ಒಂದರ ಪಕ್ಕ ಒಂದು ಎರಡು ಕಾಳು, ಸಾಲಾಗಿ, ಹಸಿ ಮಣ್ಣಿನಲ್ಲಿ ಕುರಿ ನಡೆದಂತೆ. ಆ ಫೋನು ಕೆಟ್ಟು ಗುಜರಿಗೆ ಹೋಗಿತ್ತು. ಕಾಗದ ಗೆದ್ದಲಿನ ಪಾಲಾಗಿತ್ತು. ಸರ್ವರಿನಲ್ಲಿ ಹೇಗೂ ಇದೆಯಲ್ಲ ಎಂಬ ಧೈರ್ಯದಲ್ಲಿ ಅವಳು ಯಾವುದನ್ನೂ ಕಾಯ್ದಿರಲಿಲ್ಲ.

ಪ್ರತಿಮಾ ಇಲ್ಲ ಎಂದು ಹೇಳಲಾರದೆ ನೆಲ ನೋಡುತ್ತಿದ್ದಳು. ಮಾದೇವಿ ನೀರಿನ ತಂಬಿಗೆ ತಂದವಳು ನಡುವೆ ಬಾಯಿ ಹಾಕಿದಳು, ಅಪ್ಪ ನೇಯ್ದ ಒಂದಾದರೂ ಸೀರೆ ಮನೆಯಲ್ಲಿ ಇಲ್ಲವೇ ಎಂದು.

ತಾರವ್ವ ನಕ್ಕಳು. "ನೇಯ್ದವರ ಮನ್ಯಾಗ ಸೀರಿ ಎಲ್ಲಿ ಉಳೀತಾವ್ರಿ ಯವ್ವಾ? ಅವೆಲ್ಲಾ ನಿಮ್ಮಂಥವರ ಮನೀಗೇ ಬಂದಾವ. ನಿಮ್ಮ ಮಂದೀನ ಆ ದಡಿ ಹುಡಿಕ್ಯಾಡಿ ತಗೋತಿದ್ರು." ಅಪ್ಪ ಹೋದರೂ ಅವನ ಕೈ ಅಲ್ಲಿ ಐತಿ ಅಂತ ಇದ್ದೆನೆಂದು ಅವಳು ಸೆರಗಿನಿಂದ ಕಣ್ಣು ಒತ್ತಿಕೊಂಡಳು.

ಮಾದೇವಿಯ ಟ್ರಂಕಿನ ತಳದಲ್ಲಿ ಒಂದು ಕುರಿಹೆಜ್ಜೆ ದಡಿಯ ಸೀರೆ ಇತ್ತು. ಶಿವಾಜಿ ಹುಟ್ಟಿದಾಗ ಗಲಗಲಿಯ ಅಪ್ಪ ಉಡಿ ತುಂಬಿ ಕೊಟ್ಟದ್ದು. ಅದನ್ನು ಆಗಲೇ ಹೇಳಬಹುದಿತ್ತು. ಹೇಳಲಿಲ್ಲ. ಸೀರೆ ತೆಗೆದರೆ ಅದರ ಹಿಂದೆ ಇನ್ನೊಂದು ಮಾತೂ ಹೊರಗೆ ಬರಬೇಕಾಗುತ್ತದೆ ಎಂಬ ಹೆದರಿಕೆ. ತಾರವ್ವ ಬಂದ ಬಸ್ಸಿಗೇ ತಿರುಗಿ ಹೋದಳು.

ಎರಡು ದಿನ ಮಾದೇವಿ ಟ್ರಂಕಿನ ಕೋಣೆಗೆ ಹೋಗುವುದು, ಸುಮ್ಮನೆ ಬರುವುದು ಮಾಡಿದಳು. ಮೂರನೆಯ ದಿನ, ರವಿವಾರ ಮಧ್ಯಾಹ್ನ, ಸೀರೆಯನ್ನು ತಂದು ಪಡಸಾಲೆಯಲ್ಲಿ ಪ್ರತಿಮಾಳ ಮುಂದೆ ಬಿಚ್ಚಿ ಹಾಸಿದಳು. ಡಾಂಬರುಗುಳಿಗೆಯ ವಾಸನೆ ಎದ್ದಿತು.

ಪ್ರತಿಮಾ ಬಹಳ ಹೊತ್ತು ದಡಿಯನ್ನು ನೋಡಿದಳು. ಫೋಟೊ ಹೊಡೆದಳು. ಹಳೆಯ ಎಳೆಗಳು ಒಂದರ ಮೇಲೊಂದು ಒರಗಿದ್ದರಿಂದ ಫೋಟೊದಲ್ಲಿ ಎಲ್ಲ ಕಲಸಿಕೊಂಡು ಕಂಡಿತು. ಇದನ್ನು ಸೂಜಿಮೊನೆಯಿಂದ ಒಂದೊಂದು ಎಳೆ ಬಿಡಿಸಿ ಎಣಿಸಬೇಕು, ಒಬ್ಬರು ಎಣಿಸಿದರೆ ಒಬ್ಬರು ಚೌಕಳಿ ತುಂಬಬೇಕು, ಒಬ್ಬಳಿಂದ ಆಗುವುದಲ್ಲ ಎಂದಳು.

"ಎಣಿಸೂದು ನನಗ ಬಿಡು," ಎಂದಳು ಮಾದೇವಿ.

ಧರೆಪ್ಪನ ಭೂತಗನ್ನಡಿ ಬಂತು, ಸೂಜಿ ಬಂತು. ಧರೆಪ್ಪ ಅಲ್ಲೇ ಕುರ್ಚಿಯಲ್ಲಿ ಪೇಪರ್ ಹಿಡಿದು ಕೂತಿದ್ದ. ಮಾದೇವಿ ಎರಡು ಕೆಂಪು, ಮೂರು ಹಳದಿ, ಎರಡು ಕೆಂಪು ಎಂದು ಹೇಳುತ್ತ ಹೋದಳು. ಪ್ರತಿಮಾಳ ಬೆರಳು ಲ್ಯಾಪ್‌ಟಾಪಿನಲ್ಲಿ ಚೌಕಗಳನ್ನು ತುಂಬುತ್ತ ಹೋಯಿತು. ಹನ್ನೆರಡು ಸಾಲು ಮುಗಿದವು. ಪರದೆಯ ಮೇಲೆ ಒಂದು ಕುರಿಯ ಅರ್ಧ ಹೆಜ್ಜೆ ಮೂಡಿತು. ಅದನ್ನು ಕಂಡದ್ದೇ ಮಾದೇವಿಯ ಕೈ ನಿಂತಿತು.

"ಪ್ರತಿಮಾ," ಎಂದಳು. "ಆ ದಿವಸ ನಿಮ್ಮ ಮಾವ ಇಡು ಅಂದದ್ದು ಖರೆ. ಆದರ ನಾ ದೇವರಿಗಂತ ಕೀಳಲಿಲ್ಲವಾ. ನೀ ಮುಟ್ಟಬ್ಯಾಡ್ರಿ ಅಂದದ್ದು ನೆನಪಿತ್ತು. ನನ್ನ ಸಿಟ್ಟಿಗೆ ಕಿತ್ತೆ."

ಪೇಪರ್ ಧರೆಪ್ಪನ ತೊಡೆಯ ಮೇಲೆ ಇಳಿಯಿತು. ಇಷ್ಟು ದಿನ ದೇವರ ಹೆಸರಿನಲ್ಲಿ ಎದೆಯುಬ್ಬಿಸಿ ಹೊತ್ತಿದ್ದನ್ನು ಎಲ್ಲಿ ಇಳಿಸಬೇಕೆಂದು ತಿಳಿಯದೆ ಅವನು ಹೆಂಡತಿಯನ್ನು ನೋಡಿದ. ಪ್ರತಿಮಾ ಎದ್ದು ಒಳಗೆ ಹೋದಳು. ನೀರು ಕುಡಿದ ಸದ್ದು ಕೇಳಿತು. ಮಾದೇವಿ ಸೂಜಿಯನ್ನು ನಿಂತ ಎಳೆಯಲ್ಲೇ ಹಿಡಿದು ಕೂತಳು. ಕಣ್ಣು ಮಂಜಾಗಿ, ಯಾವ ಎಳೆ ಯಾವುದೆಂದು ತಿಳಿಯದಾಯಿತು. ಎದ್ದು ಒಳಗೆ ಹೋಗಲು ಧೈರ್ಯವಿಲ್ಲ, ಬಿಟ್ಟು ಏಳಲು ಮನಸ್ಸಿಲ್ಲ.

ಬಹಳ ಹೊತ್ತಿನ ಮೇಲೆ ಪ್ರತಿಮಾ ಬಂದಳು. ಅವಳ ಕಣ್ಣು ಕೆಂಪಾಗಿದ್ದವು. ಕೈಯಲ್ಲಿ ಫೋನಿತ್ತು. ಶಶಿಕಾಂತ ಮಾಸ್ತರರಿಗೆ ಹೇಳಿದ್ದೇನೆ, ಕೀಲಿಪದ ಇಬ್ಬರ ಬಳಿಯೂ ಇರಲಿ, ಕಾಯುವುದನ್ನು ಪಾಳಿಯ ಮೇಲೆ ಮಾಡೋಣ ಅಂತ ಎಂದು, ಯಾರ ಮುಖವನ್ನೂ ನೋಡದೆ ಹೇಳಿದಳು. ಫೋನನ್ನು ಸೀರೆಯ ಪಕ್ಕದಲ್ಲಿ ಇಡುವ ಮೊದಲು ಅದರ ಕೂಗನ್ನು ಮತ್ತೆ ಚಾಲೂ ಮಾಡಿದಳು. ಒಂದು ಸಲ ಕುಯ್ಯೆಂದಿತು. ಮಾದೇವಿಯ ಮೈ ಉರಿಯಲಿಲ್ಲ.

"ಎಲ್ಲಿಗೆ ಬಂದಿತ್ರಿ ಅತ್ತಿ?"

"ತಪ್ಪಿತವಾ. ಹದಿಮೂರರಾಗ ಎಲ್ಲೋ ತಪ್ಪಿತು."

ಪ್ರತಿಮಾ ತುಂಬಿದ ಹನ್ನೆರಡು ಸಾಲುಗಳನ್ನೂ ಅಳಿಸಿಹಾಕಿದಳು. ಪರದೆ ಬರೀ ಬಿಳಿ ಚೌಕಳಿಯಾಯಿತು.

"ಹಂಗಾರ ಮೊದಲಿಂದ ಹಿಡೀರಿ," ಎಂದಳು.

ಮಾದೇವಿ ಕಣ್ಣು ಒರೆಸಿಕೊಂಡು, ಸೂಜಿಯನ್ನು ದಡಿಯ ಮೊದಲನೆಯ ಎಳೆಗೆ ತಂದಿಟ್ಟಳು.

"ಒಂದು," ಎಂದಳು.